ಗ್ಲೋ, ಗ್ಲೀಮ್, ಗ್ಲಿಟರ್: ತಲೆ ಒಂದೇ, ಬಾಲ ಬೇರೆ

ಪ್ರಶ್ನೆ: ನಾನು ಸ್ವಂತವಾಗಿ ಇಂಗ್ಲಿಷ್ ಕಲಿಯುತ್ತಿದ್ದೇನೆ. ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಂಟ್, ಗ್ಲಿಮರ್, ಗ್ಲೇರ್ ಈ ಆರಕ್ಕೂ ನಿಘಂಟಿನಲ್ಲಿ ‘ಹೊಳೆ, ಹೊಳಪು’ ಅಂತಲೇ ಇದೆ. ಗ್ಲಾನ್ಸ್, ಗ್ಲಿಂಪ್ಸ್ ಎರಡಕ್ಕೂ ‘ನೋಟ’ ಅಂತಿದೆ. ಪಟ್ಟಿ ಮಾಡಿ ಬಾಯಿಪಾಠ ಮಾಡಿದೆ. ಮರುದಿನಕ್ಕೆ ಎಲ್ಲ ಕಲಸಿಹೋಯಿತು. ಹೀಗೆ ಒಂದೇ ಅಕ್ಷರಗಳಿಂದ ಶುರುವಾಗುವ ಪುಟ್ಟ ಪದಗಳಿಗೆ ಅರ್ಥದಲ್ಲೂ ಸಂಬಂಧ ಇರುತ್ತದೆಯೇ? ಮೊದಲ ಎರಡು ಅಕ್ಷರ ನೋಡಿ ಅರ್ಥ ಊಹಿಸಬಹುದೇ?

ಉತ್ತರ: ಸಂಬಂಧ ಇದೆ. ಆದರೆ ಅದನ್ನು ನಂಬಿಕೊಂಡು ಅರ್ಥ ಊಹಿಸಲು ಹೋಗಬೇಡಿ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅಂತ ಹೇಳುತ್ತೇನೆ. ನಿಮ್ಮ ಪಟ್ಟಿ ಯಾಕೆ ಕಲಸಿಹೋಯಿತು ಅನ್ನುವುದಕ್ಕೂ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಕನ್ನಡದಿಂದಲೇ ಶುರು ಮಾಡೋಣ. ಮಿಂಚು, ಮಿನುಗು, ಮಿಣುಕು, ಮಿರುಗು. ನಾಲ್ಕೂ ‘ಮಿ’ಯಿಂದ ಶುರು, ನಾಲ್ಕರಲ್ಲೂ ಬೆಳಕಿದೆ. ಆದರೂ ನಮಗೆ ಗೊಂದಲವೇ ಆಗುವುದಿಲ್ಲ, ಅಲ್ವಾ? ಮೋಡದ ನಡುವೆ ಫಳ್ ಅಂತ ಬಂದು ಹೋಗುವುದು ಮಿಂಚು. ನಕ್ಷತ್ರ ಮಿನುಗುತ್ತದೆ. ಎಣ್ಣೆ ತೀರುತ್ತಾ ಬಂದ ದೀಪ ಮಿಣುಕುತ್ತದೆ. ರೇಷ್ಮೆ ಮಿರುಗುತ್ತದೆ. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಒಂದೊಂದು ಪದವೂ ಒಂದೊಂದು ವಸ್ತುವಿನ ಜೊತೆ, ಬೇರೆ ಬೇರೆ ದಿನ ಬಂದು ಕಿವಿಗೆ ಬಿತ್ತು. ಹಾಗಂತ ‘ಮಿ’ ಅಂದರೆ ಬೆಳಕು ಅನ್ನುವ ನಿಯಮ ಇದೆಯೇ? ಇಲ್ಲ. ಮಿಡತೆ, ಮಿದುಳು, ಮಿಕ್ಕಿದ್ದು ಇವುಗಳಲ್ಲಿ ಎಲ್ಲಿಯ ಬೆಳಕು?

ಇಂಗ್ಲಿಷಿನ ಜಿ-ಎಲ್ ಗುಂಪು ಕೂಡ ಹೀಗೇ. ನೀವು ಕೇಳಿದ ಆರು ಪದಗಳನ್ನು ಒಂದೇ ಕೋಣೆಗೆ ತರುತ್ತೇನೆ, ನೋಡಿ.

ರಾತ್ರಿ. ಕೋಣೆಯಲ್ಲಿ ಒಲೆ ಇದೆ. ಉರಿ ಆರಿ ಕೆಂಡ ಮಾತ್ರ ಉಳಿದಿದೆ. ಆ ಕೆಂಡದ್ದು ಗ್ಲೋ. ಜ್ವಾಲೆ ಇಲ್ಲ, ಕುಣಿತ ಇಲ್ಲ, ಒಳಗಿನಿಂದ ಒಂದೇ ಸಮನೆ ಹೊಮ್ಮುವ ಬೆಳಕು. ಖುಷಿಯಿಂದ ಕಳೆ ಏರಿದ ಮುಖಕ್ಕೂ ಇದೇ ಪದ ಹೇಳುವುದು ಅದಕ್ಕೇ. ಕೆಂಡದ ಬೆಳಕು ಪಕ್ಕದ ಹಿತ್ತಾಳೆ ಪಾತ್ರೆಯ ಮೇಲೆ ಬಿದ್ದಿದೆ. ಚೆನ್ನಾಗಿ ತಿಕ್ಕಿದ ಪಾತ್ರೆ. ಅದರದು ಗ್ಲೀಮ್. ಹೆಚ್ಚಾಗಿ ಇದು ಸ್ವಂತ ಬೆಳಕಲ್ಲ, ನುಣುಪಾದ ಮೈ ವಾಪಸು ಕೊಡುವ ಬೆಳಕು. ಯಾರೋ ಚಾಕು ಎತ್ತಿಕೊಂಡರು, ಅದರ ಅಂಚು ಒಮ್ಮೆ ಫಳಕ್ ಅಂದಿತು. ಅದು ಗ್ಲಿಂಟ್. ಒಂದೇ ಸಲ, ಚಿಕ್ಕದು, ಚೂಪಾದದ್ದು. ಕಣ್ಣಲ್ಲಿ ತುಂಟತನ ಹೊಳೆದು ಮಾಯವಾದರೂ ಗ್ಲಿಂಟ್. ಗೋಡೆಗೆ ನೇತುಹಾಕಿದ ಬಟ್ಟೆಯಲ್ಲಿ ಚಮಕಿ ಕೂರಿಸಿದ್ದಾರೆ. ನೂರು ಚುಕ್ಕಿ ಒಟ್ಟಿಗೆ ಜಗಮಗ ಅನ್ನುತ್ತಿವೆ. ಅದು ಗ್ಲಿಟರ್. ಕಿಟಕಿಯಾಚೆ ಬಹಳ ದೂರದಲ್ಲಿ ಒಂದು ದೀಪ. ಇದೆಯೋ ಇಲ್ಲವೋ ಅನ್ನುವ ಹಾಗೆ ಮಿಣಮಿಣ ಅನ್ನುತ್ತಿದೆ. ಅದು ಗ್ಲಿಮರ್. ಕ್ಷೀಣವಾದ ಆಸೆಗೆ ‘ಗ್ಲಿಮರ್ ಆಫ್ ಹೋಪ್’ ಅನ್ನುತ್ತಾರೆ. ಅಲ್ಲಿ ಗ್ಲಿಟರ್ ಹಾಕಿದರೆ ಮಾತೇ ಕೆಡುತ್ತದೆ. ಅಷ್ಟರಲ್ಲಿ ಯಾರೋ ನಿಮ್ಮ ಮುಖಕ್ಕೇ ಟಾರ್ಚ್ ಬಿಟ್ಟರು. ಕಣ್ಣು ಕುಕ್ಕಿತು. ಆ ಬೆಳಕು ಗ್ಲೇರ್. ನೀವು ಸಿಟ್ಟು ಬಂದು ಅವರನ್ನು ದುರುಗುಟ್ಟಿ ನೋಡಿದಿರಿ. ಆ ನೋಟವೂ ಗ್ಲೇರ್.

ಇಲ್ಲಿಂದ ‘ನೋಟ’ಕ್ಕೆ ದಾರಿ ಸಿಕ್ಕಿತು ನೋಡಿ. ಬೆಳಕು, ಕಣ್ಣು ಎರಡೂ ಒಂದೇ ಗುಂಪಿನಲ್ಲಿ ಕೂತಿವೆ. ಗ್ಲಾನ್ಸ್ ಮತ್ತು ಗ್ಲಿಂಪ್ಸ್ ನಡುವೆ ನನ್ನ ಹತ್ತಿರ ಕಲಿಯುವವರು ತುಂಬ ಎಡವುತ್ತಾರೆ. ಗಡಿಯಾರ ನೋಡಿದ್ದಕ್ಕೆ ಗ್ಲಿಂಪ್ಸ್ ಅಂತ ಬರೆದು ತರುತ್ತಾರೆ. ಗ್ಲಾನ್ಸ್ ನೀವು ಮಾಡುವ ಕೆಲಸ, ಗ್ಲಿಂಪ್ಸ್ ನಿಮಗೆ ದಕ್ಕುವ ನೋಟ. ಹೊತ್ತಾಯಿತೇ ಅಂತ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಅದು ಗ್ಲಾನ್ಸ್. ಓಡುವ ರೈಲಿನ ಕಿಟಕಿಯಿಂದ ಸಮುದ್ರ ಒಂದು ಚೂರು ಕಂಡು ಮರೆಯಾದರೆ ಅದು ಗ್ಲಿಂಪ್ಸ್. ಮೊದಲನೆಯದರಲ್ಲಿ ಕಣ್ಣು ಬೇಗ ಹಿಂದಕ್ಕೆ ಬರುತ್ತದೆ. ಎರಡನೆಯದರಲ್ಲಿ ವಸ್ತುವೇ ಬೇಗ ಮರೆಯಾಗುತ್ತದೆ.

ಗ್ಲಾನ್ಸ್ ಪದದ ಹಿಂದೆ ಒಂದು ಒಳ್ಳೆಯ ಕತೆ ಇದೆ. ಅದು ಹುಟ್ಟಿನಿಂದ ನೋಟದ ಪದವಲ್ಲ. ‘ಜಾರು’ ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಪೆಟ್ಟು ನೇರವಾಗಿ ಬೀಳದೆ ಓರೆಯಾಗಿ ತಾಗಿ ಜಾರಿಹೋದರೆ ಅದನ್ನು ಗ್ಲಾನ್ಸ್ ಅನ್ನುತ್ತಿದ್ದರು. ಕ್ರಿಕೆಟ್ ನೋಡುವವರಿಗೆ ಇದು ಬೇಗ ಹೊಳೆಯುತ್ತದೆ. ಲೆಗ್ ಗ್ಲಾನ್ಸ್‌ನಲ್ಲಿ ಬ್ಯಾಟ್ಸ್‌ಮನ್ ಚೆಂಡನ್ನು ನೋಡಿ ಬಿಡುತ್ತಾನೆ ಅಂತಲ್ಲ. ಚೆಂಡು ಬ್ಯಾಟಿಗೆ ಓರೆಯಾಗಿ ಸವರಿ ಹಿಂದಕ್ಕೆ ಜಾರುತ್ತದೆ. ಹಳೆಯ ಅರ್ಥ ಅಲ್ಲಿ ಹಾಗೇ ಉಳಿದುಕೊಂಡಿದೆ. 16ನೇ ಶತಮಾನದ ಹೊತ್ತಿಗೆ ಈ ಪದ ‘ಕಣ್ಣು ಹಾಯಿಸು’ ಅನ್ನುವ ಕಡೆ ಹೊರಳಿತು. ಸುತ್ತ ಇದ್ದ ಜಿ-ಎಲ್ ಪದಗಳೆಲ್ಲ ಬೆಳಕು, ಕಣ್ಣು ಅನ್ನುತ್ತಿರುವಾಗ ಇದೂ ಅವುಗಳ ಜೊತೆ ಸೇರಿಕೊಂಡಿತು ಅಂತ ನನಗೆ ಅನ್ನಿಸುತ್ತದೆ. ಸಹವಾಸದ ಗುಣ ಪದಗಳಿಗೂ ಇದೆ.

ಗುಂಪಿನ ಬೀಜ ಮಾತ್ರ ನಿಜವಾದ ನೆಂಟಸ್ತನವೇ. ಗ್ಲೋ, ಗ್ಲೀಮ್, ಗಾಜು ಅನ್ನುವ ಅರ್ಥದ ಗ್ಲಾಸ್ ಇವೆಲ್ಲ ‘ಹೊಳೆ’ ಅನ್ನುವ ಒಂದು ಬಹಳ ಹಳೆಯ ಧಾತುವಿನಿಂದ ಬಂದವು ಅಂತ ಭಾಷೆಯ ಚರಿತ್ರೆ ಓದಿದವರು ಹೇಳುತ್ತಾರೆ. ಗೋಲ್ಡ್, ಯೆಲ್ಲೋ ಪದಗಳ ಬೇರೂ ಅಲ್ಲಿಯೇ. ಸಂಸ್ಕೃತದ ‘ಹಿರಣ್ಯ’ ಕೂಡ ಅದೇ ಮೂಲದ್ದು. ಇನ್ನೊಂದು ಪದ ನನಗೆ ತುಂಬ ಇಷ್ಟ: ಗ್ಲ್ಯಾಡ್. ಈಗ ಅದಕ್ಕೆ ‘ಸಂತೋಷಗೊಂಡ’ ಅಂತ ಅರ್ಥ. ಹಳೆಯ ಇಂಗ್ಲಿಷಿನಲ್ಲಿ ‘ಹೊಳೆಯುವ’ ಅಂತಲೂ ಇತ್ತು. ನಾವು ‘ಮುಖ ಅರಳಿತು, ಮುಖ ಬೆಳಗಿತು’ ಅನ್ನುತ್ತೇವಲ್ಲ, ಅದೇ ದಾರಿ.

ಈಗ ಅಪವಾದಗಳು. ಕೈಗವಸಿಗೆ ಗ್ಲೌವ್, ಅಂಟಿಗೆ ಗ್ಲೂ, ಗೋಳಕ್ಕೆ ಗ್ಲೋಬ್. ಮೂರೂ ಜಿ-ಎಲ್, ಒಂದರಲ್ಲೂ ಹೊಳಪಿಲ್ಲ. ಗ್ಲೂಮ್ ಅಂದರಂತೂ ಮಬ್ಬುಗತ್ತಲೆ. ನೀವು ಎಂದೂ ಕಾಣದ ಜಿ-ಎಲ್ ಪದ ಎದುರಾದಾಗ ‘ಇದು ಬೆಳಕಿನದೇ ಇರಬೇಕು’ ಅಂತ ಹೊರಟರೆ ಬಹಳ ಸಲ ಮೋಸ ಹೋಗುತ್ತೀರಿ.

ಈ ವಿಷಯ ಹೊಸದೇನಲ್ಲ. ಜಾನ್ ವಾಲಿಸ್ ಅನ್ನುವ ಗಣಿತಜ್ಞ 1653ರಲ್ಲಿ ಇಂಗ್ಲಿಷಿಗೆ ಒಂದು ವ್ಯಾಕರಣ ಬರೆದ, ಅದೂ ಲ್ಯಾಟಿನ್ನಿನಲ್ಲಿ. ಡಬ್ಲ್ಯು-ಆರ್ ಇಂದ ಶುರುವಾಗುವ ಪದಗಳಲ್ಲಿ ತಿರುಚುವ ಅರ್ಥ ಇದೆ ಅಂತ ಅವನು ಆಗಲೇ ಗುರುತಿಸಿದ್ದ. ಹಿಂಡುವುದಕ್ಕೆ ರಿಂಗ್, ಮಣಿಕಟ್ಟಿಗೆ ರಿಸ್ಟ್, ಹೊರಳಾಡುವುದಕ್ಕೆ ರಿಗಲ್, ಸುಕ್ಕಿಗೆ ರಿಂಕಲ್. ಇವೆಲ್ಲದರ ಮುಂದೆ ಈಗ ಉಚ್ಚಾರ ಇಲ್ಲದ ಡಬ್ಲ್ಯು ಇದೆ. ತಪ್ಪು ಅನ್ನುವ ರಾಂಗ್ ಕೂಡ ಮೊದಲು ‘ಡೊಂಕು’ ಅಂತಲೇ ಇದ್ದದ್ದು. ನಮ್ಮ ತಿರುಗು, ತಿರುಚು, ತಿರುವು, ತಿರುಪು ಪದಗಳ ಹಾಗೆ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ನಮಗೆ ‘ತಿರು’ ಅನ್ನುವ ಬೇರು ಇವತ್ತಿಗೂ ಕಣ್ಣಿಗೆ ಕಾಣುತ್ತದೆ, ಅವರಿಗೆ ಮರೆತುಹೋಗಿದೆ.

ಇಂಥ ಧ್ವನಿ-ಅರ್ಥದ ಜೋಡಿಗೆ 1930ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ‘ಫೋನೆಸ್ತೀಮ್’ ಅಂತ ಹೆಸರಿಟ್ಟರು. ಅದಕ್ಕೂ ಮೊದಲು, 1916ರಲ್ಲಿ ಅಚ್ಚಾದ, ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಸೊಸ್ಯೂರ್ ಅವರ ಪಾಠಗಳು ಪದಕ್ಕೂ ಅರ್ಥಕ್ಕೂ ಸಹಜವಾದ ಗಂಟಿಲ್ಲ, ಬಳಕೆಯಿಂದ ಬಂದ ಒಪ್ಪಂದ ಅಷ್ಟೇ ಅಂತ ಸಾರಿದ್ದವು. ಮೂಲತಃ ಅದು ನಿಜ. ಮರವನ್ನು ‘ಮರ’ ಅನ್ನಲೇಬೇಕು ಅಂತ ಯಾವ ಕಾರಣವೂ ಇಲ್ಲ. ಆದರೆ ಒಂದು ಭಾಷೆಯೊಳಗೆ ಪದಗಳು ಒಂದನ್ನೊಂದು ಸೆಳೆಯುತ್ತವೆ. 2004ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಬೆಂಜಮಿನ್ ಬರ್ಗನ್ ಇದನ್ನು ಪ್ರಯೋಗದಲ್ಲಿ ನೋಡಿದರು. ಪರದೆಯ ಮೇಲೆ ಒಂದು ಪದ ಕ್ಷಣಕಾಲ ಬಂದು ಹೋಗುತ್ತದೆ, ಹಿಂದೆಯೇ ಇನ್ನೊಂದು ಬರುತ್ತದೆ. ಎರಡನೆಯದು ಇಂಗ್ಲಿಷ್ ಪದ ಹೌದೋ ಅಲ್ಲವೋ ಹೇಳಬೇಕು. ಗ್ಲಿಟರ್ ನಂತರ ಗ್ಲೋ ಬಂದ ಹಾಗೆ ಧ್ವನಿಯೂ ಅರ್ಥವೂ ಸೇರಿ ಬಂದ ಜೋಡಿಗಳಿಗೆ ಜನ ಬೇಗ ಉತ್ತರ ಕೊಟ್ಟರು. ಬರೀ ಧ್ವನಿ ಅಥವಾ ಬರೀ ಅರ್ಥ ಹೋಲುವ ಜೋಡಿಗಳಿಗೆ ಅಷ್ಟು ಬೇಗ ಬರಲಿಲ್ಲ. ಅಂದರೆ ಇಂಗ್ಲಿಷ್ ಬಲ್ಲವರ ತಲೆಯಲ್ಲಿ ಈ ಗುಂಪುಗಳು ನಿಜವಾಗಿಯೂ ಇವೆ.

ಈ ಸೆಳೆತ ಎಷ್ಟು ಬಲವಾದದ್ದು ಅಂತ ನೋಡಬೇಕಿದ್ದರೆ ಎಸ್-ಎನ್ ಗುಂಪಿಗೆ ಬನ್ನಿ. ಇದು ಮೂಗಿನ ಗುಂಪು. ಗೊರಕೆಗೆ ಸ್ನೋರ್. ಮೂಸುವುದಕ್ಕೆ ಸ್ನಿಫ್. ನೆಗಡಿಯಾದ ಮಗು ಸೊರ್ ಸೊರ್ ಅಂತ ಮೂಗು ಎಳೆದುಕೊಂಡರೆ ಸ್ನಿಫಲ್. ಕುದುರೆ ಮೂಗಿನಿಂದ ಜೋರಾಗಿ ಗಾಳಿ ಬಿಟ್ಟರೆ ಸ್ನಾರ್ಟ್. ಹಂದಿಯ ಮೂತಿಗೆ ಸ್ನೌಟ್. ತಾತ್ಸಾರದಿಂದ ಮೂಗು ಮುರಿಯುತ್ತೇವಲ್ಲ, ಅದು ಸ್ನೀರ್. ನೀರೊಳಗೆ ಮುಖ ಇಟ್ಟು ಉಸಿರಾಡುವ ಕೊಳವೆ ಸ್ನಾರ್ಕಲ್ ಕೂಡ ಜರ್ಮನ್ ನಾವಿಕರ ಆಡುಮಾತಿನ ಮೂಗಿನಿಂದಲೇ ಬಂದದ್ದು.

ಸೀನುವುದಕ್ಕೆ ಸ್ನೀಜ್. ಇದರ ಕತೆ ಇನ್ನೂ ಚೆನ್ನಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದ ಎಸ್-ಎನ್ ಇಂದ ಶುರುವಾಗುತ್ತಲೇ ಇರಲಿಲ್ಲ, ಎಫ್-ಎನ್ ಇಂದ ಶುರುವಾಗುತ್ತಿತ್ತು. ‘ಫ್ನೀಜ್’ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ಸೀನಿದ ಹಾಗೇ ಇದೆ. ಕಾಲ ಕಳೆದಂತೆ ಎಫ್-ಎನ್ ಇಂದ ಶುರುವಾಗುವ ಪದಗಳೇ ಇಂಗ್ಲಿಷಿನಲ್ಲಿ ಇಲ್ಲವಾದವು. ಆಗಿನ ಬರವಣಿಗೆಯಲ್ಲಿ ಎಸ್ ಅನ್ನು ಉದ್ದವಾಗಿ ಎಳೆದು ಬರೆಯುತ್ತಿದ್ದರು, ಅದು ಎಫ್‌ನಂತೆಯೇ ಕಾಣುತ್ತಿತ್ತು. ಓದುವವರು ಎಫ್ ಅನ್ನು ಎಸ್ ಅಂದುಕೊಂಡದ್ದು ಒಂದು ಕಾರಣ ಅನ್ನುತ್ತಾರೆ. ಪಕ್ಕದಲ್ಲೇ ಮೂಗಿನ ಎಸ್-ಎನ್ ಗುಂಪು ಇತ್ತು, ಸೀನು ಅಲ್ಲಿಗೆ ಹೋಗಿ ಕೂತಿತು.

ಇಲ್ಲೇ ಒಂದು ಎಚ್ಚರಿಕೆ. ಕನ್ನಡದಲ್ಲಿ ಸೀನು, ಸಿಂಬಳ, ಸೊಂಡಿಲು ಮೂರೂ ಮೂಗಿಗೆ ಸೇರಿದವು, ಮೂರೂ ‘ಸ’ಕಾರದವು. ‘ಹಾಗಾದರೆ ಸ ಅಂದರೆ ಮೂಗು’ ಅಂದುಬಿಡಲು ಮನಸ್ಸಾಗುತ್ತದೆ. ಆದರೆ ಸೊಂಡಿಲು ಸಂಸ್ಕೃತದ ಶುಂಡದಿಂದ ಬಂದದ್ದು, ಉಳಿದೆರಡರ ನೆಂಟನಲ್ಲ. ಮೂರು ಪದ ಸಿಕ್ಕ ಕೂಡಲೇ ಅದರಲ್ಲಿ ಒಂದು ನಿಯಮ ಕಾಣುವುದು ಮನುಷ್ಯರ ಅಭ್ಯಾಸ. ಇಂಗ್ಲಿಷಿನಲ್ಲೂ ಹೀಗೇ. ಹಾವಿನ ಸ್ನೇಕ್, ಬಸವನಹುಳುವಿನ ಸ್ನೇಲ್ ಎರಡೂ ಎಸ್-ಎನ್. ಅವುಗಳಿಗೂ ಮೂಗಿಗೂ ಏನೂ ಸಂಬಂಧವಿಲ್ಲ. ಅವೆರಡು ತೆವಳುವ ಅರ್ಥದ ಬೇರೆಯದೇ ಬೇರಿನವು. ಹಿಮ ಅನ್ನುವ ಸ್ನೋ ಇನ್ನೊಂದು ದಿಕ್ಕು.

ನಿಯಮ ಅನ್ನಬಹುದಾದಷ್ಟು ಗಟ್ಟಿಯಾದ ಗುಂಪೂ ಒಂದಿದೆ. ಅದು ಟಿ-ಡಬ್ಲ್ಯು. ಟು, ಟ್ವೈಸ್, ಟ್ವಿನ್, ಟ್ವೆಲ್ವ್, ಟ್ವೆಂಟಿ ಎಲ್ಲದರಲ್ಲೂ ಎರಡು ಇದೆ. ಟ್ವೆಲ್ವ್ ಅಂದರೆ ಹತ್ತು ಎಣಿಸಿದ ಮೇಲೆ ‘ಎರಡು ಉಳಿದದ್ದು’. ಟ್ವೈನ್ ಅಂದರೆ ಎರಡು ಎಳೆ ಹೊಸೆದ ಹುರಿ. ಟ್ವಿಗ್ ಕವಲೊಡೆದ ಕಡ್ಡಿ. ಬಿಟ್ವೀನ್ ಅಂದರೆ ಎರಡರ ನಡುವೆ. ಇದು ಸಂಸ್ಕೃತದ ‘ದ್ವಿ’ಯ ಖಾಸಾ ಸಂಬಂಧಿ. ದ್ವಿಗುಣ, ದ್ವಂದ್ವ ಅನ್ನುವಾಗ ನಾವು ಹೇಳುವ ‘ದ್ವ’ ಅಲ್ಲಿ ‘ಟ್ವ’ ಆಗಿದೆ. ಟು ಬರೆಯುವಾಗ ನಡುವೆ ಸುಮ್ನೆ ಒಂದು ಡಬ್ಲ್ಯು ಯಾಕೆ ಅಂತ ಮಕ್ಕಳು ಕೇಳುತ್ತಾರಲ್ಲ, ಉತ್ತರ ಇದೇ. ಟ್ವಿನ್‌ನಲ್ಲಿ ಕೇಳಿಸುವ ಆ ಧ್ವನಿ ಟುನಲ್ಲಿ ಅಳಿಸಿಹೋಯಿತು, ಬರವಣಿಗೆಯಲ್ಲಿ ಉಳಿಯಿತು. ಇಂಥ ಗುಂಪಿನಲ್ಲೂ ಒಂದು ಬಲೆ ಇದೆ. ಚಿಮಟಕ್ಕೆ ಟ್ವೀಜರ್ಸ್ ಅನ್ನುತ್ತಾರೆ. ಅದಕ್ಕೆ ಎರಡು ಕಾಲು ಬೇರೆ ಇದೆ! ಆದರೂ ಪದ ಎರಡರಿಂದ ಬಂದದ್ದಲ್ಲ. ಸಣ್ಣ ಸಾಮಾನು ಇಡುವ ಪೆಟ್ಟಿಗೆಗಿದ್ದ ಫ್ರೆಂಚ್ ಹೆಸರಿನಿಂದ ಬಂದದ್ದು.

ಕೆ-ಎನ್ ಗುಂಪಿನಲ್ಲೂ ನಮಗೆ ಪರಿಚಯದವರಿದ್ದಾರೆ. ನೀ ಅಂದರೆ ಮೊಣಕಾಲು, ನೋ ಅಂದರೆ ತಿಳಿ, ನೈಫ್ ಅಂದರೆ ಚಾಕು. ಮೊದಲ ಕೆ ಈಗ ಸದ್ದು ಮಾಡುವುದಿಲ್ಲ. ಸುಮಾರು 17ನೇ ಶತಮಾನದವರೆಗೆ ‘ಕ್ನೀ’, ‘ಕ್ನೋ’ ಅಂತ ಬಾಯಿತುಂಬ ಹೇಳುತ್ತಿದ್ದರು. ಜರ್ಮನ್ನರು ಮೊಣಕಾಲಿಗೆ ಇವತ್ತಿಗೂ ‘ಕ್ನೀ’ ಅನ್ನುತ್ತಾರೆ. ಸಂಸ್ಕೃತದಲ್ಲಿ ಮೊಣಕಾಲು ‘ಜಾನು’. ಆಜಾನುಬಾಹು ಅಂದರೆ ಮೊಣಕಾಲಿನವರೆಗೆ ಕೈ ಇರುವವನು. ಜಾನು ಮತ್ತು ನೀ ಒಂದೇ ಮೂಲದವು. ಜ್ಞಾನ ಮತ್ತು ನೋ ಕೂಡ ಹಾಗೇ. ಹಳೆಯ ‘ಗ’ ಸಂಸ್ಕೃತದಲ್ಲಿ ‘ಜ’ ಆಯಿತು, ಇಂಗ್ಲಿಷಿನ ಕಡೆ ‘ಕ’ ಆಯಿತು. ‘ಗ’ ‘ಕ’ ಆಗುವ, ‘ದ’ ‘ಟ’ ಆಗುವ ಈ ಬದಲಾವಣೆಯನ್ನು ಕ್ರಮವಾಗಿ ವಿವರಿಸಿದ್ದು ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್, 1822ರಲ್ಲಿ. ಕೆ-ಎನ್ ಕಂಡಾಗ ಕೆ ಬಿಟ್ಟು ಬರೆಯುವ ತಪ್ಪು ಮಾಡುತ್ತಿದ್ದರೆ ಜ್ಞಾನವನ್ನು ನೆನೆಸಿಕೊಳ್ಳಿ. ಅಲ್ಲಿಯೂ ಮೂಗಿನ ಧ್ವನಿಯಾದ ‘ಞ’ಗಿಂತ ಮೊದಲು ಇನ್ನೊಂದು ಅಕ್ಷರ ಇದೆ. ಗಂಟಿಗೆ ನಾಟ್, ಬೆರಳ ಗೆಣ್ಣಿಗೆ ನಕಲ್, ಗುಬುಟಿಗೆ ನಾಬ್. ಉಬ್ಬಿದ ಗಂಟಿನಂಥ ವಸ್ತುಗಳು ಈ ಗುಂಪಿನಲ್ಲಿ ಜಾಸ್ತಿ.

ಟಿ-ಎಚ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ, ಯಾಕೆಂದರೆ ದಿನವೂ ಉಪಯೋಗಕ್ಕೆ ಬರುತ್ತದೆ. ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ದಿಸ್’ ಅನ್ನಿ, ಶುರುವಿನಲ್ಲೇ ಬೆರಳಿಗೆ ಗುಂಯ್ ಅನ್ನಿಸುತ್ತದೆ. ‘ಥಿನ್’ ಅನ್ನಿ, ಶುರುವಿನಲ್ಲಿ ಬರೀ ಗಾಳಿ. ಬರೆಯುವಾಗ ಎರಡಕ್ಕೂ ಟಿ-ಎಚ್. ಯಾವಾಗ ‘ದ’, ಯಾವಾಗ ‘ಥ’? ಅರ್ಥವೇ ಹೇಳುತ್ತದೆ. ಬೆರಳು ಮಾಡಿ ತೋರಿಸುವ, ಮಾತು ಜೋಡಿಸುವ ಪುಟ್ಟ ಪದಗಳಲ್ಲಿ ‘ದ’: ದಿ, ದಿಸ್, ದಟ್, ದೇರ್, ದೆನ್, ದೇ, ದೋ. ವಸ್ತು, ಗುಣ, ಕೆಲಸ, ಎಣಿಕೆ ಹೇಳುವ ಪದಗಳಲ್ಲಿ ‘ಥ’: ಥಂಬ್, ಥೀಫ್, ಥಿಕ್, ಥಿಂಕ್, ಥ್ರೀ. ಥ್ರೂ ಮಾತ್ರ ಜೋಡಿಸುವ ಪದವಾದರೂ ‘ಥ’ದ ಕಡೆ ನಿಂತಿದೆ. ಪದದ ಶುರುವಿನಲ್ಲಿ ಟಿ-ಎಚ್ ಆದ ಕೂಡಲೇ ಆರ್ ಬಂದರೆ ಯಾವಾಗಲೂ ‘ಥ’ವೇ. ಅಲ್ಲಿ, ಇಲ್ಲಿ, ಎಲ್ಲಿ ಅಂತ ಒಂದೇ ಸ್ವರ ಬದಲಿಸಿ ತೋರಿಸುವ, ಕೇಳುವ ಕೆಲಸ ಮಾಡುವ ಕನ್ನಡದವರಿಗೆ ದೇರ್, ಹಿಯರ್, ವೇರ್ ಜೋಡಣೆ ಹೊಸದೆನಿಸಬಾರದು.

ಈಗ ನಿಮ್ಮ ಪಟ್ಟಿಯ ವಿಷಯ. ನೀವು ಜಿ-ಎಲ್ ಪದಗಳನ್ನೆಲ್ಲ ಒಂದೇ ದಿನ, ಒಂದೇ ಹಾಳೆಯಲ್ಲಿ ಕಲಿತಿರಿ. ಕಲಸಿಹೋಗಲು ಕಾರಣ ನಿಮ್ಮ ನೆನಪಿನ ಶಕ್ತಿ ಅಲ್ಲ, ಆ ಹಾಳೆ. ಥಾಮಸ್ ಟಿಂಕಮ್ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಥ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿತವರಿಗೆ ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ಜಾಸ್ತಿ ಸಲ ತಿರುವಿ ಹಾಕಬೇಕಾಯಿತು. ರಾಬ್ ವೇರಿಂಗ್ 1997ರಲ್ಲಿ ಜಪಾನಿ ಮಾತಾಡುವವರೊಂದಿಗೆ ಮಾಡಿ ನೋಡಿದಾಗಲೂ ಅದೇ ಬಂತು. ಒಂದನ್ನೊಂದು ಹೋಲುವ ಪದಗಳು ಹೊಸದರಲ್ಲಿ ಒಂದನ್ನೊಂದು ಅಳಿಸುತ್ತವೆ. ನಿಮ್ಮ ಪದಗಳಂತೂ ಅರ್ಥದಲ್ಲೂ ಹೋಲುತ್ತವೆ, ಕಿವಿಗೂ ಹೋಲುತ್ತವೆ. ಇಷ್ಟಾದ ಮೇಲೆ ಕಲಸದೇ ಇನ್ನೇನು? ಆದರೆ ಒಂದೇ ಸನ್ನಿವೇಶಕ್ಕೆ ಸೇರಿದ ಪದಗಳು, ಅಂದರೆ ಕಪ್ಪೆ, ಕೆರೆ, ಹಸಿರು, ಕುಪ್ಪಳಿಸು ಇಂಥವು, ಒಂದಕ್ಕೊಂದು ನೆರವಾಗುತ್ತವೆ ಅಂತಲೂ ಟಿಂಕಮ್ 1997ರಲ್ಲಿ ತೋರಿಸಿದರು.

ಹಾಗಾಗಿ ನಾನು ಹೇಳುವುದು ಇಷ್ಟು. ಮೇಲೆ ಬರೆದ ಕತ್ತಲೆ ಕೋಣೆಯನ್ನು ಇವತ್ತೇ ಬಾಯಿಪಾಠ ಮಾಡಬೇಡಿ. ಒಮ್ಮೆ ಓದಿ ಬಿಟ್ಟುಬಿಡಿ. ಆರು ಪದಗಳಲ್ಲಿ ಗ್ಲೋ ಮತ್ತು ಗ್ಲೇರ್ ಒಂದಕ್ಕೊಂದು ಬಹಳ ದೂರ, ಒಂದು ಕೆಂಡ, ಇನ್ನೊಂದು ಟಾರ್ಚ್. ಈ ವಾರ ಅವೆರಡೇ ಸಾಕು. ಗ್ಲೋ ಜೊತೆ ಬೆಂಕಿಗೆ ಸೇರಿದ ಪದಗಳನ್ನು ಕಲಿಯಿರಿ: ಕೆಂಡಕ್ಕೆ ಎಂಬರ್, ಬೂದಿಗೆ ಆ್ಯಶ್, ಹೊಗೆಗೆ ಸ್ಮೋಕ್. ಒಂದೆರಡು ವಾರ ಬಿಟ್ಟು, ಯಾವುದಾದರೂ ಕತೆಯಲ್ಲಿ ಚಾಕುವೋ ಕನ್ನಡಕವೋ ಫಳಕ್ ಅಂದಾಗ ಗ್ಲಿಂಟ್ ತಾನೇ ಸಿಗುತ್ತದೆ. ಆ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ, ಪದವನ್ನಷ್ಟೇ ಅಲ್ಲ. ಗ್ಲಿಟರ್, ಗ್ಲಿಮರ್ ಕಿವಿಗೆ ಬಹಳ ಹತ್ತಿರ, ಆ ಎರಡನ್ನು ಒಂದೇ ತಿಂಗಳಲ್ಲಿ ಮುಟ್ಟಬೇಡಿ. ನಾಲ್ಕೈದು ಪದ ಗಟ್ಟಿಯಾದ ಮೇಲೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಕೂರಿಸಿ. ಆಗ ಗುಂಪು ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಒಬ್ಬೊಬ್ಬರ ಮುಖವೂ ನಿಮಗೆ ಆಗಲೇ ಗೊತ್ತಿರುತ್ತದೆ.

ಗ್ಲಾನ್ಸ್, ಗ್ಲಿಂಪ್ಸ್ ಎರಡನ್ನೂ ಒಂಟಿಯಾಗಿ ಬರೆಯಲೇಬೇಡಿ. ‘ಗ್ಲಾನ್ಸ್ ಅಟ್ ದಿ ಕ್ಲಾಕ್’ ಅಂತ ಒಂದು ಚೀಟಿ. ‘ಕ್ಯಾಚ್ ಎ ಗ್ಲಿಂಪ್ಸ್ ಆಫ್ ದಿ ಸೀ’ ಅಂತ ಇನ್ನೊಂದು ಚೀಟಿ, ಅದೂ ಬೇರೆ ವಾರಕ್ಕೆ.